ಬಾಲಕ್ಕೆ ಆರು ಡಾಲರ್

ದಿನದ ಧಮ್ಮ ಚಿಂತನೆ



ಇವತ್ತಿನ ಬರಹ ಸ್ವಲ್ಪ ಉದ್ದವಾಗಿದೆ. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಓದಲಾಗದಿದ್ದರೆ ರಾತ್ರಿ ವಂದನೆ ಮುಗಿಸಿ, ಮನೆಯವರನ್ನೂ ಕೂರಿಸಿಕೊಂಡು ಓದಿ.

ಹೋದ ಭಾನುವಾರ ಅಧ್ಯಯನ ವರ್ಗದಲ್ಲಿ ಕಿರಾಣಿ ಅಂಗಡಿ ನಡೆಸುವ ನಮ್ಮ ಅಕ್ಕ ಒಬ್ಬರು ಒಂದು ಪ್ರಶ್ನೆ ಕೇಳಿದರು. ಬಂದಿದ್ದವರಿಗೆಲ್ಲ ನೆನಪಿರಬಹುದು. "ಅಣ್ಣಾ, ಅಂಗಡೀಲಿ ಇಲಿ ಕಾಟ. ಅಕ್ಕಿ ಚೀಲ, ಬೇಳೆ ಚೀಲ ಎಲ್ಲ ಕಡಿದು ಹಾಕ್ತವೆ. ಪಾಷಾಣ ಇಡ್ತೀನಿ. ಬೆಳಿಗ್ಗೆ ಸತ್ತ ಇಲಿ ಎತ್ತಿ ಹಾಕಿ, ಸಾಯಂಕಾಲ ಇಲ್ಲಿ ಬಂದು ಪಂಚಶೀಲ ಹೇಳ್ತೀನಿ. ಮೊದಲನೇ ಶೀಲ ಹೇಳುವಾಗ ನಾಲಿಗೆ ತಡವರಿಸುತ್ತೆ. ನಾನು ಬುದ್ಧರ ಮುಂದೆ ಸುಳ್ಳು ಹೇಳ್ತಿದೀನಾ?"

ಒಬ್ಬ ತಮ್ಮ ನಕ್ಕು, "ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡ್ರೆ ಬದುಕೋದು ಹೇಗಕ್ಕಾ" ಎಂದ. ಹಿರಿಯರೊಬ್ಬರು, "ಶೀಲ ಅಂದ ಮೇಲೆ ಶೀಲ. ಇರುವೆಯನ್ನೂ ಕೊಲ್ಲಬಾರದು" ಎಂದರು. ಎರಡೂ ಮಾತು ಅಕ್ಕನಿಗೆ ಸಮಾಧಾನ ಕೊಡಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು, "ಮುಂದಿನ ವಾರ ಹೇಳ್ತೀನಿ" ಎಂದುಬಿಟ್ಟೆ.

ಯಾಕೆ ಹಾಗೆಂದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಎರಡು ತಿಂಗಳ ಹಿಂದೆ ನಮ್ಮ ಅಡುಗೆಮನೆಯಲ್ಲೂ ಇಲಿ ಬಂತು. ನಾನು ಅಂಗಡಿಯಿಂದ ಗಮ್ ಪ್ಯಾಡ್ ತಂದು ಸಿಲಿಂಡರ್ ಹಿಂದೆ ಇಟ್ಟೆ. ರಾತ್ರಿ ಒಂದು ಇಲಿ ಅಂಟಿಕೊಂಡಿತು. ಸಾಯಲಿಲ್ಲ. ಒದ್ದಾಡುತ್ತಾ ಕಿರುಚುತ್ತಿತ್ತು. ಏನು ಮಾಡುವುದು ತಿಳಿಯದೆ ಪ್ಯಾಡನ್ನು ಹಾಗೇ ಹಿತ್ತಲಿನ ಮೂಲೆಯಲ್ಲಿಟ್ಟು ಬಂದೆ. ಮಾರನೆಯ ದಿನ ಬೆಳಿಗ್ಗೆಯೂ ಅದಕ್ಕೆ ಜೀವವಿತ್ತು. ನಾನು ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ವಿಹಾರಕ್ಕೆ ಬಂದು ನಿಮ್ಮೆಲ್ಲರ ಜೊತೆ ಮೈತ್ರಿ ಭಾವನೆ ಮಾಡಿದೆ. ಅಕ್ಕನ ನಾಲಿಗೆ ತಡವರಿಸಿತು. ನನ್ನ ನಾಲಿಗೆ ತಡವರಿಸಲೂ ಇಲ್ಲ. ಹೀಗಿರುವಾಗ ನಾನು ಅವರಿಗೆ ಏನು ಹೇಳಲಿ?

ಆ ವಾರವೆಲ್ಲ ನನಗೆ ನೆನಪಾಗುತ್ತಿದ್ದುದು ನಮ್ಮ ದೇಶದ್ದಲ್ಲದ ಒಂದು ಪ್ರಾಣಿ. ನನ್ನ ಸೋದರಳಿಯ ಹಿಂದೊಮ್ಮೆ ಅದರ ಮೇಲಿನ ಒಂದು ಸಾಕ್ಷ್ಯಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ್ದ. ಆಮೇಲೆ ಅದರ ಬಗ್ಗೆ ಓದಿಕೊಂಡೆ. ಅಕ್ಕನ ಪ್ರಶ್ನೆಗೆ ಉತ್ತರ ಹುಡುಕಲು ಆ ಪ್ರಾಣಿಯ ಕಥೆ ನನಗೆ ದಾರಿಯಾಯಿತು.

ಅದರ ಹೆಸರು ಕೊಯ್ಪು. ಅಮೆರಿಕದಲ್ಲಿ ನ್ಯೂಟ್ರಿಯಾ ಅನ್ನುತ್ತಾರೆ. ನಮ್ಮ ಹೆಗ್ಗಣವನ್ನು ಐದಾರು ಕಿಲೋ ತೂಗುವಷ್ಟು ಬೆಳೆಸಿ ನೀರಿಗೆ ಬಿಟ್ಟಂತೆ ಕಾಣುತ್ತದೆ. ಬಾಚಿಹಲ್ಲು ಕಿತ್ತಳೆ ಬಣ್ಣ. ಹಿಂಗಾಲಿನ ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಚರ್ಮ, ಈಜಲು ಅನುಕೂಲ. ಬಾಲ ದುಂಡಗೆ, ಕೂದಲು ಕಡಿಮೆ. ಜೌಗು ನೆಲ, ಜೊಂಡು ಬೆಳೆದ ಕೆಸರು ನೀರು ಅದರ ಮನೆ. ತಾಯಿಯ ಮೊಲೆಗಳು ಹೊಟ್ಟೆಯ ಕೆಳಗಿಲ್ಲ, ಪಕ್ಕೆಯ ಮೇಲ್ಭಾಗದಲ್ಲಿವೆ. ತಾಯಿ ನೀರಿನಲ್ಲಿ ತೇಲುತ್ತಿದ್ದಾಗಲೇ ಮರಿಗಳು ಪಕ್ಕದಲ್ಲಿ ಈಜುತ್ತಾ ಹಾಲು ಕುಡಿಯಬಹುದು. ಇದನ್ನು ಓದಿದಾಗ ನನಗೆ ಹಿತ್ತಲಿನಲ್ಲಿಟ್ಟು ಬಂದ ಆ ಇಲಿ ನೆನಪಾಯಿತು. ಅದಕ್ಕೂ ಎಲ್ಲೋ ಮರಿಗಳಿದ್ದವೇನೋ.

ಕೊಯ್ಪುವಿನ ಮೂಲ ದಕ್ಷಿಣ ಅಮೆರಿಕ. ಅರ್ಜೆಂಟೀನಾ, ಚಿಲಿ, ಉರುಗ್ವೆ ಕಡೆಯ ನದಿ, ಕೆರೆ, ಜೌಗುಗಳು. ಅಲ್ಲಿಂದ ಅದು ತಾನಾಗಿ ಹೊರಟು ಅಮೆರಿಕದ ಲೂಯಿಸಿಯಾನ ರಾಜ್ಯಕ್ಕೆ ಬರಲಿಲ್ಲ. ಮನುಷ್ಯರು ತಂದರು. ಅದರ ಮೈಮೇಲಿನ ಮೆತ್ತನೆಯ ತುಪ್ಪಳದಿಂದ ಕೋಟು, ಟೋಪಿ ಮಾಡಬಹುದಿತ್ತು. ಅದಕ್ಕಾಗಿ 1930ರ ದಶಕದಲ್ಲಿ ಅಲ್ಲಿ ಕೊಯ್ಪು ಸಾಕಣೆ ಶುರುವಾಯಿತು. 1940ರ ಚಂಡಮಾರುತದಲ್ಲಿ ಬೇಲಿ ಮುರಿದು ಅವು ತಪ್ಪಿಸಿಕೊಂಡವು ಎಂಬ ಕಥೆ ಅಲ್ಲಿ ಬಹಳ ಕಾಲ ನಡೆಯಿತು. ಆದರೆ ಆಮೇಲೆ ಕಾಗದಪತ್ರ ತೆಗೆದು ನೋಡಿದಾಗ, ಸಾಕಿದವರೇ ಬೇಕೆಂದು ಜೌಗಿಗೆ ಬಿಟ್ಟದ್ದೂ ಇತ್ತೆಂದು ತಿಳಿಯಿತು. ಕಾಡಿನಲ್ಲಿ ಹೆಚ್ಚಿದರೆ ಹಿಡಿದು ಚರ್ಮ ಮಾರಬಹುದು ಎಂಬ ಲೆಕ್ಕ. ತಪ್ಪನ್ನು ಗಾಳಿಯ ಮೇಲೆ ಹೊರಿಸುವುದು ಸುಲಭ.

ಲೆಕ್ಕ ಸರಿಯಾಗಿಯೇ ನಡೆಯಿತು. 1962ರಿಂದ 1982ರವರೆಗೆ ಲೂಯಿಸಿಯಾನದ ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 13 ಲಕ್ಷ ಕೊಯ್ಪುಗಳನ್ನು ಹಿಡಿದರು. 1976ರಲ್ಲಿ ಅದು 18 ಲಕ್ಷಕ್ಕೆ ಮುಟ್ಟಿತು. ಆ ವರ್ಷದ ಚರ್ಮಗಳ ಬೆಲೆ 1 ಕೋಟಿ 57 ಲಕ್ಷ ಡಾಲರ್. ಆಗ ಅದು ಸಂಪತ್ತು. 1980ರ ದಶಕದಲ್ಲಿ ತುಪ್ಪಳದ ಮಾರುಕಟ್ಟೆ ಬಿದ್ದುಹೋಯಿತು. ಯಾರಿಗೂ ಚರ್ಮ ಬೇಡವಾಯಿತು. ಹಿಡಿಯುವವರು ಕಡಿಮೆಯಾದರು, ಪ್ರಾಣಿ ಹೆಚ್ಚಿತು. ಈಗ ಅದೇ ಪ್ರಾಣಿಗೆ ಪೀಡೆ ಎಂಬ ಹೆಸರು ಬಂತು.

ಒಂದು ಸಣ್ಣ ವಿಷಯ ಗಮನಿಸಿ. ಸ್ಪ್ಯಾನಿಷ್ ಭಾಷೆಯಲ್ಲಿ ನ್ಯೂಟ್ರಿಯಾ ಅಂದರೆ ನೀರುನಾಯಿ. ತುಪ್ಪಳದ ವ್ಯಾಪಾರದಲ್ಲಿ ಅದಕ್ಕೆ ಆ ಹೆಸರೇ ನಡೆಯಿತು. ಈಗ ಅಲ್ಲಿನ ಜನ ಅದಕ್ಕೆ "ಇಲಿ" ಎಂಬ ಪದ ಸೇರಿಸಿ ಕರೆಯುತ್ತಾರೆ. ಪ್ರಾಣಿ ಮಾತ್ರ ಅದೇ. ಅದೇ ಹಲ್ಲು, ಅದೇ ಬಾಲ.

ಹಾಗಾದರೆ ಅದು ಮಾಡುವ ಹಾನಿ ಸುಳ್ಳೇ? ಅಲ್ಲ. ಧಮ್ಮ ನಮಗೆ ಇದ್ದದ್ದನ್ನು ಇದ್ದ ಹಾಗೆ ನೋಡಲು ಕಲಿಸುತ್ತದೆ. ಕೊಯ್ಪು ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನುತ್ತದೆ. ಎಲೆ ಮಾತ್ರ ತಿಂದರೆ ಗಿಡ ಮತ್ತೆ ಚಿಗುರುತ್ತಿತ್ತು. ಅದು ಬುಡವನ್ನೂ ಬೇರನ್ನೂ ಅಗೆದು ತಿನ್ನುತ್ತದೆ. ಜೌಗಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದೇ ಬೇರು. ಬೇರು ಹೋದರೆ ಮಣ್ಣು ಕರಗುತ್ತದೆ, ಜೌಗು ಬರೀ ನೀರಾಗುತ್ತದೆ. ಸಮುದ್ರದಿಂದ ಬರುವ ಚಂಡಮಾರುತದ ಅಲೆಯನ್ನು ಮೊದಲು ತಡೆಯುವುದು ಆ ಜೌಗು. 2005ರಲ್ಲಿ ಕತ್ರೀನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್ ಮುಳುಗಿದ್ದು, ಅಲ್ಲಿ ಹೆಚ್ಚು ನರಳಿದವರು ಬಡ ಕಪ್ಪು ಜನರು ಎಂಬುದು ನಮ್ಮಲ್ಲಿ ಹಲವರಿಗೆ ನೆನಪಿದೆ. ಹಾಗಾಗಿ ಜೌಗು ಉಳಿಸುವುದೂ ಜೀವ ಉಳಿಸುವ ಕೆಲಸವೇ.

ಅದಕ್ಕೆ ಸರ್ಕಾರ 2002ರಲ್ಲಿ ಒಂದು ಯೋಜನೆ ತಂದಿತು. ಕೊಯ್ಪುವನ್ನು ಕೊಂದು ಬಾಲ ತಂದುಕೊಟ್ಟವರಿಗೆ ಬಾಲಕ್ಕೆ 4 ಡಾಲರ್. ಮುಂದೆ ಅದು 5 ಆಯಿತು. 2019ರಿಂದ 6 ಡಾಲರ್. ವರ್ಷಕ್ಕೆ 4 ಲಕ್ಷ ಬಾಲ ಎಂಬುದು ಗುರಿ. ಹಾಳಾದ ಜೌಗಿನ ವಿಸ್ತಾರ ಕಡಿಮೆಯಾದದ್ದೂ ನಿಜ.

ಆದರೆ ಕಥೆ ಇಷ್ಟಕ್ಕೇ ಮುಗಿದರೆ ನಾವು ಅರ್ಧ ಮಾತ್ರ ನೋಡಿದಂತಾಗುತ್ತದೆ. ತಥಾಗತರು ಕಲಿಸಿದ ಪಟಿಚ್ಚ ಸಮುಪ್ಪಾದ, ಅಂದರೆ ಒಂದರಿಂದ ಇನ್ನೊಂದು ಹುಟ್ಟುವ ನಿಯಮ, ಇಲ್ಲಿ ಬೇಕು. 1932ರಿಂದ 2016ರವರೆಗೆ ಲೂಯಿಸಿಯಾನ ಕರಾವಳಿಯಲ್ಲಿ ಸುಮಾರು 4,800 ಚದರ ಕಿಲೋಮೀಟರ್ ನೆಲ ನೀರಾಗಿದೆ. ಇದನ್ನೆಲ್ಲ ಕೊಯ್ಪು ತಿಂದು ಮುಗಿಸಿತೇ? ಇಲ್ಲ. ಆ ನೆಲವನ್ನು ಕಟ್ಟಿದ್ದು ಮಿಸಿಸಿಪ್ಪಿ ನದಿ ಹೊತ್ತು ತಂದ ಮೆಕ್ಕಲು ಮಣ್ಣು. ನದಿ ಪ್ರವಾಹ ಬಂದಾಗಲೆಲ್ಲ ಜೌಗಿನ ಮೇಲೆ ಹೊಸ ಮಣ್ಣು ಹರಡುತ್ತಿತ್ತು. ಮನುಷ್ಯರು ನದಿಯ ಎರಡೂ ದಡಕ್ಕೆ ಎತ್ತರದ ಏರಿ ಕಟ್ಟಿ ಅದನ್ನು ಕಾಲುವೆಯಂತೆ ಬಂಧಿಸಿದರು. ಮಣ್ಣು ನೇರವಾಗಿ ಆಳ ಸಮುದ್ರಕ್ಕೆ ಹೋಗತೊಡಗಿತು. ಇನ್ನೊಂದು ಕಡೆ ತೈಲ ಮತ್ತು ಅನಿಲ ಕಂಪನಿಗಳು ಜೌಗಿನೊಳಗೆ ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿದವು. ಆ ಕಾಲುವೆಗಳಲ್ಲಿ ಸಮುದ್ರದ ಉಪ್ಪು ನೀರು ಒಳಗೆ ನುಗ್ಗಿ ಸಿಹಿನೀರಿನ ಗಿಡಗಳನ್ನು ಕೊಂದಿತು. ಕೊಯ್ಪು ಬಂದದ್ದು ಹೀಗೆ ಮೊದಲೇ ಬಳಲಿದ ನೆಲಕ್ಕೆ.

ಏರಿಗಳ ಬಗ್ಗೆ ಓದುವಾಗ ಒಂದು ದಿನಾಂಕ ನನ್ನನ್ನು ತಡೆದು ನಿಲ್ಲಿಸಿತು. ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಅದಾಗಿ ನಲವತ್ತೇ ದಿನಕ್ಕೆ, ಏಪ್ರಿಲ್ 29ರಂದು, ಮಿಸಿಸಿಪ್ಪಿಯ ಮಹಾಪ್ರವಾಹದಿಂದ ನ್ಯೂ ಆರ್ಲಿಯನ್ಸ್ ನಗರವನ್ನು ಉಳಿಸಲೆಂದು ಕೆಳಗಿನ ಏರಿಯನ್ನು ಡೈನಮೈಟ್ ಇಟ್ಟು ಒಡೆದರು. ನೀರು ಮೀನುಗಾರರ, ಜೌಗಿನಲ್ಲಿ ಬೋನಿಟ್ಟು ಬದುಕುವ ಬಡವರ ಊರುಗಳ ಮೇಲೆ ಹರಿಯಿತು. ಪರಿಹಾರ ಕೊಡುತ್ತೇವೆಂದು ಮಾತು ಕೊಟ್ಟಿದ್ದರು. ಬಹಳ ಜನಕ್ಕೆ ಸಿಕ್ಕಿದ್ದು ಅಲ್ಪ. ಒಂದು ಕಡೆ ನೀರು ಮುಟ್ಟಬೇಡಿ ಎಂದರು, ಇನ್ನೊಂದು ಕಡೆ ನೀರಿನಲ್ಲಿ ಮುಳುಗಿ ಎಂದರು. ಯಾರಿಗೆ ಹೇಳಿದರು ಎಂಬುದು ಮಾತ್ರ ಎರಡೂ ಕಡೆ ಒಂದೇ.

ಈಗ ಯೋಚಿಸಿ. ಏರಿಗೆ ಬಾಲವಿಲ್ಲ. ತೈಲದ ಕಾಲುವೆಗೆ ಬಾಲವಿಲ್ಲ. ತುಪ್ಪಳದ ಕೋಟು ತೊಟ್ಟು ಎಲ್ಲೋ ದೂರದ ನಗರದಲ್ಲಿ ತಿರುಗಾಡಿದವರಿಗೆ ಬಾಲವಿಲ್ಲ. ಬಾಲ ಇರುವುದು ಕೊಯ್ಪುವಿಗೆ. ಹಾಗಾಗಿ ಬೆಲೆ ಕಟ್ಟಲು ಸಿಕ್ಕಿದ್ದು ಅದೊಂದೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನಾನು ನಮ್ಮ ಜನರನ್ನು ಯಾವ ಪ್ರಾಣಿಗೂ ಹೋಲಿಸುತ್ತಿಲ್ಲ. ಹಾಗೆ ಹೋಲಿಸಿದವರಿಂದ ನಾವು ಸಾಕಷ್ಟು ಅನುಭವಿಸಿದ್ದೇವೆ. ನಾನು ತೋರಿಸುತ್ತಿರುವುದು ಹೆಸರಿಡುವ ಮನಸ್ಸನ್ನು. ಲಾಭವಿದ್ದಾಗ ಒಂದು ಹೆಸರು, ಲಾಭ ತೀರಿದಾಗ ಇನ್ನೊಂದು ಹೆಸರು. ಕೈ ಕೊಳೆಯಾಗುವ ಕೆಲಸ ಒಬ್ಬರಿಗೆ, ಅದರ ಸುಖ ಇನ್ನೊಬ್ಬರಿಗೆ. ನಮ್ಮ ಅಪ್ಪ ಚಿಕ್ಕವರಿದ್ದಾಗ ಊರಿನಲ್ಲಿ ಎತ್ತು ಸತ್ತರೆ ನಮ್ಮ ಕೇರಿಗೆ ಕರೆ ಬರುತ್ತಿತ್ತು. ಎಳೆದುಕೊಂಡು ಹೋಗಬೇಕು, ಸುಲಿಯಬೇಕು. ಸುಲಿದವರು ಮೈಲಿಗೆ. ಅದೇ ಚರ್ಮದ ಜೋಡು ಮೆಟ್ಟಿ ಚಾವಡಿಯಲ್ಲಿ ಕೂತವರು ಶುದ್ಧ. ಬಾಬಾಸಾಹೇಬರು ಸತ್ತ ದನ ಎಳೆಯುವುದನ್ನು ಬಿಡಿ ಎಂದು ಯಾಕೆ ಅಷ್ಟು ಒತ್ತಿ ಹೇಳಿದರು ಎಂಬುದು ಅಪ್ಪನ ಬಾಯಿಂದ ಆ ಕಥೆ ಕೇಳಿದಾಗ ನನಗೆ ತಿಳಿಯಿತು. ಲೂಯಿಸಿಯಾನದಲ್ಲಿ ದೋಣಿಯಲ್ಲಿ ಹೋಗಿ ಬಾಲ ಕತ್ತರಿಸಿ ತರುವ ಮನುಷ್ಯನನ್ನೂ ನಾನು ಪಾಪಿ ಅನ್ನಲಾರೆ. ಅವನ ಕೈಗೆ ಚಾಕು ಕೊಟ್ಟವರು ಬೇರೆ.

ಈಗ ಅಕ್ಕನ ಪ್ರಶ್ನೆಗೆ ಬರೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ಕರುಣೆ ಇಡುವುದು, ಅವುಗಳನ್ನು ಕಾಪಾಡುವುದು. ಇದು ಮನೆಯಲ್ಲಿ ನಾವು ಗೋಡೆಗೆ ಹಾಕಿಕೊಂಡಿರುವ ಮಾತು. ಹಾಗೆಯೇ ಅವರು "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಅಹಿಂಸೆಯನ್ನು ಬಿಡಿಸಿ ಹೇಳಿದ್ದಾರೆ. ಬುದ್ಧರ ಅಹಿಂಸೆ ಒಂದು ತತ್ವ, ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಲ್ಲ ಎನ್ನುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬುದ್ಧರು ಭೇದ ಮಾಡಿದರು ಎನ್ನುತ್ತಾರೆ. ಬರೀ ಇಚ್ಛೆಯಿಂದ ನಡೆಯುವ ಕೊಲೆಗೆ ಧಮ್ಮದಲ್ಲಿ ಜಾಗವಿಲ್ಲ. ಅಗತ್ಯ ಬಂದಾಗ ಮನುಷ್ಯ ತನ್ನ ಪ್ರಜ್ಞೆಯಿಂದ ತೀರ್ಮಾನಿಸಬೇಕು.

ಇದನ್ನು ಕೇಳಿ ಕೆಲವರು ಉಸಿರು ಬಿಡುತ್ತಾರೆ. "ಸರಿ, ನಮ್ಮದು ಅಗತ್ಯ." ಬಂಧುಗಳೇ, ಅಷ್ಟು ಬೇಗ ಬೇಡ. ಅಗತ್ಯ ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ತುಪ್ಪಳ ಮಾರಿದವರೂ ಹೇಳಿದರು. ಪ್ರಜ್ಞೆಯಿಂದ ತೀರ್ಮಾನಿಸುವುದು ಅಂದರೆ ಆ ಮಾತನ್ನು ಪರೀಕ್ಷಿಸುವುದು. ಕೊಯ್ಪುವಿನ ಕಥೆಯಿಂದ ನನಗೆ ಮೂರು ಪರೀಕ್ಷೆ ಹೊಳೆದವು.

ಮೊದಲನೆಯದು, ಕಾರಣ ನೋಡಿದೆವಾ? ಜೌಗು ಕರಗಲು ನೂರು ಕಾರಣವಿದ್ದು, ಕೈಗೆ ಸುಲಭವಾಗಿ ಸಿಕ್ಕ ಒಂದು ಜೀವದ ಮೇಲೆ ಎಲ್ಲವನ್ನೂ ಹೊರಿಸಿದರೆ ಅದು ಅಗತ್ಯವಲ್ಲ, ತಪ್ಪಿಸಿಕೊಳ್ಳುವಿಕೆ.

ಎರಡನೆಯದು, ಇದಕ್ಕೆ ಕೊನೆ ಇದೆಯಾ? ಇಂಗ್ಲೆಂಡಿಗೂ 1929ರಲ್ಲಿ ತುಪ್ಪಳಕ್ಕಾಗಿ ಕೊಯ್ಪು ತಂದಿದ್ದರು. ಅಲ್ಲೂ ತಪ್ಪಿಸಿಕೊಂಡು ಪೂರ್ವ ಭಾಗದ ಜೌಗುಗಳಲ್ಲಿ ಹರಡಿತು. 1981ರಲ್ಲಿ ಅಲ್ಲಿ 24 ಜನರ ಒಂದು ತಂಡ ಕೆಲಸ ಶುರು ಮಾಡಿತು. ಪಂಜರದಂಥ ಬೋನಿಟ್ಟರು. ಬೇರೆ ಪ್ರಾಣಿ ಸಿಕ್ಕರೆ ಜೀವಂತ ಬಿಟ್ಟರು. ಪೂರ್ತಿ ಮುಗಿದ ಮೇಲೆ ಮೂರು ವರ್ಷದ ಸಂಬಳದವರೆಗೂ ಇನಾಮು ಎಂದು ಅವರಿಗೆ ಹೇಳಲಾಗಿತ್ತು. ಹಾಗಾಗಿ ಕೆಲಸ ಎಳೆಯುವುದರಿಂದ ಯಾರಿಗೂ ಲಾಭವಿರಲಿಲ್ಲ. 1989ರಲ್ಲಿ ಮುಗಿಯಿತು. ಆಮೇಲೆ ಅಲ್ಲಿ ಕೊಲ್ಲುವ ಅಗತ್ಯವೂ ಮುಗಿಯಿತು. ಅಮೆರಿಕದ ಮೇರಿಲ್ಯಾಂಡ್ ಕರಾವಳಿಯಲ್ಲೂ ಸುಮಾರು 14,000 ಕೊಯ್ಪುಗಳನ್ನು ತೆಗೆದು 2022ರಲ್ಲಿ ಕೆಲಸ ಮುಗಿಯಿತೆಂದು ಘೋಷಿಸಿದರು. ಇದನ್ನು ನಾನು ಹೊಗಳುತ್ತಿಲ್ಲ. 14,000 ಜೀವ ಸಣ್ಣದಲ್ಲ. ಆದರೆ ಲೂಯಿಸಿಯಾನದಲ್ಲಿ ಬಾಲಕ್ಕೆ ಬೆಲೆ ಇರುವವರೆಗೆ ಕೊನೆಯ ಪ್ರಾಣಿಯನ್ನು ಹಿಡಿಯಲು ಯಾರಿಗೂ ಆತುರವಿರುವುದಿಲ್ಲ. 2002ರಿಂದ ವರ್ಷ ವರ್ಷವೂ ನಡೆಯುತ್ತಲೇ ಇದೆ. ಕೊನೆಯಿಲ್ಲದ ಕೊಲೆ ನಿಧಾನವಾಗಿ ಕಸುಬಾಗುತ್ತದೆ, ಕಸುಬು ಅಭ್ಯಾಸವಾಗುತ್ತದೆ. ಅಗತ್ಯವಾಗಿ ಶುರುವಾದದ್ದು ಹೀಗೆ ಇಚ್ಛೆಯ ಕಡೆ ಜಾರುತ್ತದೆ.

ಮೂರನೆಯದು, ಆ ಜೀವದ ನೋವು ನಮಗೆ ಕಾಣುತ್ತಿದೆಯಾ? ಪೀಡೆ ಎಂದು ಹೆಸರಿಟ್ಟ ಕೂಡಲೇ ಕಣ್ಣು ಮುಚ್ಚಿಹೋಗುತ್ತದೆ. ಮರಿಗೆ ಹಾಲು ಕೊಡುತ್ತಾ ತೇಲುವ ತಾಯಿ ಕಾಣುವುದಿಲ್ಲ, ಎಣಿಸಲು ಬಾಲ ಮಾತ್ರ ಕಾಣುತ್ತದೆ. ನನ್ನ ಹಿತ್ತಲಿನಲ್ಲಿ ಆದದ್ದು ಇದೇ.

ಅಕ್ಕಾ, ಈಗ ನಿಮಗೆ ನನ್ನ ಉತ್ತರ. ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡಿ. ಬಿಡಿಯಾಗಿ ಮಾರುವ ಅಕ್ಕಿ ಬೇಳೆಯನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ. ಗೋಡೆಯ ಬಿಲಗಳಿಗೆ ಸಿಮೆಂಟು ಮೆತ್ತಿಸಿ, ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಸಿ. ಖರ್ಚಿನ ಬಗ್ಗೆ ಯೋಚಿಸಬೇಡಿ. ನಮ್ಮ ವರ್ಗದ ಗಾರೆ ಕೆಲಸದ ತಮ್ಮಂದಿರು ಒಂದು ಭಾನುವಾರ ಬಂದು ಮಾಡಿಕೊಡುತ್ತಾರೆ, ನಾನೂ ಬರುತ್ತೇನೆ. ಇಲಿಗೆ ದಾರಿ ಮತ್ತು ಊಟ ಎರಡೂ ಇಲ್ಲದಂತೆ ಮಾಡುವುದೇ ಕಾರಣಕ್ಕೆ ಕೈ ಹಾಕುವುದು. ಇಷ್ಟು ಮಾಡಿದ ಮೇಲೂ ಬಂದರೆ, ನಿಮ್ಮ ಮಕ್ಕಳ ಅನ್ನ ಉಳಿಸಲು ನೀವು ಏನು ಮಾಡಬೇಕಾಗುತ್ತದೋ ಅದಕ್ಕೆ ನಿಮ್ಮನ್ನು ಶೀಲಗೆಟ್ಟವರು ಎನ್ನುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ನರಳಿಸಬೇಡಿ, ಅಷ್ಟೇ.

ಇನ್ನು ಸುಳ್ಳಿನ ವಿಷಯ. ಪಂಚಶೀಲದ ಒಂದೊಂದನ್ನೂ ಪಾಳಿಯಲ್ಲಿ ಸಿಕ್ಖಾಪದ ಅನ್ನುತ್ತಾರೆ. ಅಂದರೆ ಕಲಿಕೆಯ ಹೆಜ್ಜೆ. ನಾನು ಎಂದೂ ತಪ್ಪಲಿಲ್ಲ ಎಂದು ನಾವು ಅಲ್ಲಿ ಹೇಳುತ್ತಿಲ್ಲ. ಕಲಿಯುತ್ತೇನೆ ಎಂದು ಒಪ್ಪಿಕೊಳ್ಳುತ್ತಿದ್ದೇವೆ. ಅದನ್ನು ಹೇಳುವಾಗ ನಾಲಿಗೆ ತಡವರಿಸುತ್ತಿದ್ದರೆ ನೀವು ಕಲಿಯುತ್ತಿದ್ದೀರಿ ಎಂದೇ ಅರ್ಥ. ಸರಾಗವಾಗಿ ಹೇಳಿ ಮನೆಗೆ ಹೋದ ನಾನು ಕಲಿತಿರಲಿಲ್ಲ. ಆ ಪ್ರಶ್ನೆ ಕೇಳಿ ನೀವು ನನಗೆ ಪಾಠ ಮಾಡಿದಿರಿ.

ಇವತ್ತಿನ ಅಭ್ಯಾಸಕ್ಕೆ ಒಂದೇ ಕೆಲಸ. ಇಡೀ ದಿನದಲ್ಲಿ ನಿಮ್ಮ ಬಾಯಲ್ಲಿ "ಪೀಡೆ", "ಕಾಟ", "ತೊಲಗಿದರೆ ಸಾಕು" ಎಂಬ ಮಾತು ಯಾರ ಬಗ್ಗೆ, ಯಾವ ಜೀವದ ಬಗ್ಗೆ ಬರುತ್ತದೆ ಎಂದು ಗಮನಿಸಿ. ಬಂದಾಗ ಒಂದು ಕ್ಷಣ ನಿಂತು ಆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಾರಣ ನೋಡಿದೆನಾ? ಇದಕ್ಕೆ ಕೊನೆ ಇದೆಯಾ? ನೋವು ಕಾಣುತ್ತಿದೆಯಾ? ಭಾನುವಾರ ಬಂದು ನಿಮಗೆ ಕಂಡದ್ದನ್ನು ಹಂಚಿಕೊಳ್ಳಿ.

ನಮ್ಮ ಮನೆಯಲ್ಲಿ ಉಳಿದಿದ್ದ ಗಮ್ ಪ್ಯಾಡ್‌ಗಳನ್ನು ಹೊರಗೆ ಹಾಕಿದ್ದೇನೆ. ಇಲಿ ಮಾತ್ರ ಇನ್ನೂ ಬರುತ್ತಿದೆ. ನಿನ್ನೆ ರಾತ್ರಿಯೂ ಸದ್ದು ಕೇಳಿಸಿತು. ಸಿಂಕಿನ ಕೆಳಗೆ ಪೈಪು ಹೋಗುವ ಕಡೆ ಒಂದು ಬಿಲ ಸಿಕ್ಕಿದೆ. ಇವತ್ತು ಸಂಜೆ ಸಿಮೆಂಟು ತರಬೇಕು.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.